ಎಕ್ಸ್‌ಟೆನ್ಷನ್ ಕಳ್ಳರಿಂದ ಕ್ರಿಪ್ಟೊ ಕಾಪಾಡಿಕೊಳ್ಳುವುದು ಹೇಗೆ

2025ರ ಡಿಸೆಂಬರ್ 24ರಂದು ಕ್ರಿಪ್ಟೊ ಇಟ್ಟುಕೊಳ್ಳುವ ಟ್ರಸ್ಟ್ ವಾಲೆಟ್‌ನ ಕ್ರೋಮ್ ಎಕ್ಸ್‌ಟೆನ್ಷನ್‌ಗೆ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) 2.68 ಎಂಬ ಹೊಸ ಆವೃತ್ತಿ ಬಂತು. ಬಂದದ್ದು ಕ್ರೋಮ್ ವೆಬ್ ಸ್ಟೋರ್‌ನಿಂದಲೇ, ಕಂಪನಿಯ ಹೆಸರಿನಲ್ಲೇ. ಕ್ರೋಮ್ ಎಂದಿನಂತೆ ಯಾರನ್ನೂ ಕೇಳದೆ ಅದನ್ನು ಹಾಕಿಕೊಂಡಿತು. ಆಮೇಲೆ ಯಾರ್ಯಾರು ಪಾಸ್‌ವರ್ಡ್ ಕೊಟ್ಟು ವಾಲೆಟ್ ತೆರೆದರೋ ಅವರ ಸೀಡ್ ಫ್ರೇಸ್, ಅಂದರೆ ವಾಲೆಟ್‌ನ ಕೀಲಿಯೇ ಆದ 12 ಅಥವಾ 24 ಪದಗಳ ಸಾಲು, ಸದ್ದಿಲ್ಲದೆ ಕಳ್ಳರ ಸರ್ವರ್ ಸೇರಿತು. 2.69 ಬಂದು ತೂತು ಮುಚ್ಚುವಷ್ಟರಲ್ಲಿ 70 ಲಕ್ಷ ಡಾಲರ್‌ಗೂ ಹೆಚ್ಚು ಹೋಗಿತ್ತು. ನಷ್ಟ ತುಂಬಿಕೊಡುವುದಾಗಿ ಕಂಪನಿ ಹೇಳಿತು, ಅದು ಬೇರೆ ಮಾತು. ಕಳೆದುಕೊಂಡವರು ಯಾವ ಕೆಟ್ಟ ಲಿಂಕನ್ನೂ ಒತ್ತಿರಲಿಲ್ಲ, ನಕಲಿ ಆ್ಯಪ್ ಹಾಕಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಹಾಗಾಗಿ 'ಅಧಿಕೃತ ಸ್ಟೋರ್‌ನಿಂದಲೇ ಡೌನ್‌ಲೋಡ್ ಮಾಡಿ' ಎಂಬ ಬುದ್ಧಿಮಾತು ಬೇಕು, ಆದರೆ ಅಷ್ಟೇ ಸಾಲದು. ಇಲ್ಲಿ ಹೇಳುವ ಎಲ್ಲ ಕ್ರಮಗಳ ಹಿಂದೆ ಇರುವುದು ಎರಡೇ ಲೆಕ್ಕಾಚಾರ. ದೊಡ್ಡ ಮೊತ್ತದ ಕೀಲಿ ಬ್ರೌಸರ್‌ನ ಕೈಗೆ ಸಿಗುವ ಜಾಗದಲ್ಲಿ ಇರಬಾರದು. ಸಹಿ ಹಾಕುವ (ಕೀಲಿಯಿಂದ ವ್ಯವಹಾರಕ್ಕೆ ಒಪ್ಪಿಗೆ ಕೊಡುವ) ಮುನ್ನ ವಿಳಾಸವನ್ನೂ ಮೊತ್ತವನ್ನೂ ಓದುವುದು ಬ್ರೌಸರ್ ಬದಲಿಸಲಾಗದ ಪರದೆಯ ಮೇಲೆ ಇರಬೇಕು.

ಕಳ್ಳ ಬರುವ ಮೂರು ದಾರಿ

ಮೂರಕ್ಕೂ ಮದ್ದು ಬೇರೆ ಬೇರೆ, ಅದಕ್ಕೇ ಬಿಡಿಸಿ ನೋಡಬೇಕು.

ಮೊದಲನೆಯದು ಪಕ್ಕದ ಎಕ್ಸ್‌ಟೆನ್ಷನ್. ಕೂಪನ್ ಹುಡುಕುವುದು, ಪಿಡಿಎಫ್ ಬದಲಿಸುವುದು, ಬೆಲೆ ತೋರಿಸುವುದು ಇತ್ಯಾದಿ. ಒಂದು ಎಕ್ಸ್‌ಟೆನ್ಷನ್ ಇನ್ನೊಂದರ ಕಿಟಕಿಯೊಳಗೆ ಇಣುಕಲು ಕ್ರೋಮ್ ಬಿಡುವುದಿಲ್ಲ, ಆದ್ದರಿಂದ ಮೆಟಾಮಾಸ್ಕ್‌ನಂಥ ವಾಲೆಟ್ ಎಕ್ಸ್‌ಟೆನ್ಷನ್‌ನ ಒಳಗಿರುವ ಸೀಡನ್ನು ಅದು ನೇರವಾಗಿ ಓದಲಾರದು. ಆದರೆ ನೀವು ತೆರೆದಿರುವ ವೆಬ್ ಪುಟ ಅದಕ್ಕೆ ಬಯಲು. ಪುಟದಲ್ಲಿರುವ ವಿಳಾಸವನ್ನು ಬದಲಿಸಬಹುದು, ಪುಟಕ್ಕೂ ವಾಲೆಟ್‌ಗೂ ನಡುವೆ ನಿಂತು ವ್ಯವಹಾರವನ್ನೇ ತಿದ್ದಬಹುದು, ಅನುಮತಿ ಇದ್ದರೆ ಎಕ್ಸ್‌ಚೇಂಜ್‌ನ (ಕ್ರಿಪ್ಟೊ ಕೊಂಡು ಮಾರುವ ತಾಣದ) ಲಾಗಿನ್ ಕುಕಿಯನ್ನು, ಅಂದರೆ ನೀವು ಲಾಗಿನ್ ಆಗಿದ್ದೀರಿ ಎಂದು ಬ್ರೌಸರ್ ಇಟ್ಟುಕೊಂಡ ಗುರುತನ್ನು, ಎತ್ತಬಹುದು. 2024ರ ಆಗಸ್ಟ್‌ನಲ್ಲಿ ಸೊಲಾನಾ ಎಂಬ ಬ್ಲಾಕ್‌ಚೈನ್ (ಕ್ರಿಪ್ಟೊ ವ್ಯವಹಾರಗಳ ಬಹಿರಂಗ ಲೆಕ್ಕಪುಸ್ತಕ) ಬಳಸುವವರಿಗೆ ಕಾಟ ಕೊಟ್ಟ 'ಬುಲ್ ಚೆಕರ್' ಎಂಬ ಎಕ್ಸ್‌ಟೆನ್ಷನ್ ಹೀಗೆಯೇ ಮಾಡಿತು. ಮೀಮ್ ಕಾಯಿನ್ ಯಾರ ಬಳಿ ಎಷ್ಟಿದೆ ಎಂದು ತೋರಿಸುವುದಷ್ಟೇ ಅದರ ಕೆಲಸ, ಅಂದರೆ ಓದುವ ಕೆಲಸ. ಕೇಳಿದ ಅನುಮತಿ ಮಾತ್ರ ಎಲ್ಲ ಜಾಲತಾಣಗಳ ಎಲ್ಲ ಡೇಟಾವನ್ನು ಓದಲು ಮತ್ತು ಬದಲಾಯಿಸಲು. ಬಳಕೆದಾರ ಅಸಲಿ ತಾಣದಲ್ಲೇ ವ್ಯವಹಾರ ಮಾಡುವಾಗ ಅದೇ ವ್ಯವಹಾರಕ್ಕೆ ತನ್ನದೊಂದು ಬಾಲ ಸೇರಿಸಿ ಟೋಕನ್ ಸಾಗಿಸುತ್ತಿತ್ತು. 2025ರ ನವೆಂಬರ್‌ನಲ್ಲಿ ಬಯಲಾದ 'ಕ್ರಿಪ್ಟೊ ಕೋಪೈಲಟ್' ಇನ್ನೂ ನಾಜೂಕು. ಪ್ರತಿ ವಿನಿಮಯದಲ್ಲೂ ಕನಿಷ್ಠ 0.0013 ಸೋಲ್ (ಸೊಲಾನಾದ ಕಾಯಿನ್), ದೊಡ್ಡ ಮೊತ್ತವಾದರೆ ಶೇ 0.05, ಗುಟ್ಟಾಗಿ ತನ್ನ ಜೇಬಿಗೆ. ಇಷ್ಟು ಸಣ್ಣದಾಗಿ ಕಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಎರಡನೆಯದು ವಾಲೆಟ್ ಎಕ್ಸ್‌ಟೆನ್ಷನ್ನೇ ಕಳ್ಳನಾಗಿರುವುದು. ಹುಟ್ಟಿನಿಂದಲೇ ನಕಲಿ ಇರಬಹುದು, ಟ್ರಸ್ಟ್ ವಾಲೆಟ್‌ನಂತೆ ನಡುವೆ ಕೈ ಬದಲಾಗಿರಬಹುದು. 'ಸೇಫರಿ' ಎಂಬ ನಕಲಿ ಇಥೀರಿಯಂ ವಾಲೆಟ್ ಮಾಡಿದ ಉಪಾಯ ನೋಡಿ. ಕದ್ದ ಸೀಡ್ ಪದಗಳನ್ನು ಯಾವ ಸರ್ವರ್‌ಗೂ ಕಳಿಸದೆ, ಅವನ್ನು ಸುಯಿ ಎಂಬ ಬೇರೊಂದು ಬ್ಲಾಕ್‌ಚೈನ್‌ನ ವಿಳಾಸಗಳ ರೂಪಕ್ಕೆ ತಿರುಗಿಸಿ, ಆ ವಿಳಾಸಗಳಿಗೆ 0.000001 ಸುಯಿ ಕಳಿಸುತ್ತಿತ್ತು. ಕಳ್ಳ ತನ್ನ ಮನೆಯಲ್ಲಿ ಕೂತು ಬ್ಲಾಕ್‌ಚೈನ್ ಓದಿದರೆ ಪದಗಳು ಮರಳಿ ಸಿಗುತ್ತವೆ. ಅನುಮಾನದ ಸರ್ವರ್‌ಗಳನ್ನು ಹುಡುಕುವ ಭದ್ರತಾ ತಂತ್ರಾಂಶಕ್ಕೆ ಇಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ.

ಮೂರನೆಯದು ಕಂಪ್ಯೂಟರಿನೊಳಗೇ ಕೂತ ಮಾಲ್‌ವೇರ್. ಇದು ಕ್ರೋಮ್‌ನ ಕಡತಗಳ ಫೋಲ್ಡರನ್ನೇ ನಕಲು ಮಾಡಿಕೊಂಡು ಹೋಗುತ್ತದೆ: ಕುಕಿ, ಉಳಿಸಿಟ್ಟ ಪಾಸ್‌ವರ್ಡ್, ವಾಲೆಟ್‌ನ ಗೂಢಲಿಪಿ ಕಡತ. ಆಮೇಲೆ ನಿಮ್ಮ ವಾಲೆಟ್ ಪಾಸ್‌ವರ್ಡನ್ನು ಅವರ ಯಂತ್ರದಲ್ಲಿ ಎಷ್ಟು ಸಲ ಬೇಕಾದರೂ ಊಹಿಸಿ ನೋಡಬಹುದು, ತಡೆಯುವವರಿಲ್ಲ. ಎಂಟು ಅಕ್ಷರದ ಪಾಸ್‌ವರ್ಡ್ ಇದ್ದರೆ ಬಹಳ ದಿನ ತಾಳುವುದಿಲ್ಲ. ಇದು ಒಳಗೆ ಬರುವ ಬಾಗಿಲುಗಳು ಎಲ್ಲರಿಗೂ ಪರಿಚಿತ: ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ಆಟಗಳ ಚೀಟ್ ಕೋಡ್, ಮತ್ತು 'ನೀವು ರೋಬಾಟ್ ಅಲ್ಲ ಎಂದು ತೋರಿಸಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ' ಎನ್ನುವ ಪುಟ. ಯಾವ ಅಸಲಿ ಕ್ಯಾಪ್ಚಾವೂ ಈ ಮೂರು ಗುಂಡಿ ಒತ್ತಲು ಹೇಳುವುದಿಲ್ಲ.

ಬೆಂಗಳೂರಿನ ಎಂಜಿನಿಯರುಗಳಿಗೆ ಇಲ್ಲೊಂದು ಪ್ರತ್ಯೇಕ ಎಚ್ಚರಿಕೆ. ಉತ್ತರ ಕೊರಿಯಾದ ಗುಂಪುಗಳು ಕೆಲಸ ಕೊಡುವ ನೆಪದಲ್ಲಿ ಡೆವಲಪರುಗಳಿಗೆ 'ಕೋಡಿಂಗ್ ಟೆಸ್ಟ್' ಕಳಿಸುವುದು ವರ್ಷಗಳಿಂದ ನಡೆದಿದೆ. ಆ ಕೋಡನ್ನು ನಿಮ್ಮ ಯಂತ್ರದಲ್ಲಿ ಓಡಿಸಿದಿರೋ, ಆಯಿತು. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಕ್ಸ್‌ಚೇಂಜ್‌ನಿಂದ ಸುಮಾರು 4.4 ಕೋಟಿ ಡಾಲರ್ ಹೋದ ಪ್ರಕರಣದಲ್ಲೂ ಬೆಂಗಳೂರು ಪೊಲೀಸರ ತನಿಖೆ ಹೋಗಿ ನಿಂತದ್ದು ಉದ್ಯೋಗಿಯೊಬ್ಬರ ಲ್ಯಾಪ್‌ಟಾಪ್‌ನ ಬಳಿ. ಸಂದರ್ಶನದ ಕೋಡ್ ಓಡಿಸಲೇಬೇಕಿದ್ದರೆ ವರ್ಚುವಲ್ ಮಷಿನ್‌ನಲ್ಲಿ ಓಡಿಸಿ, ವಾಲೆಟ್ ಇರುವ ಯಂತ್ರದಲ್ಲಿ ಬೇಡ.

ಮೊದಲು ಇರುವ ಕಸ ತೆಗೆಯಿರಿ

ಕ್ರೋಮ್‌ನಲ್ಲಿ ಬಲಗಡೆ ಮೇಲಿನ ಮೂರು ಚುಕ್ಕಿ ಒತ್ತಿ ಎಕ್ಸ್‌ಟೆನ್ಷನ್ಸ್, ಅಲ್ಲಿಂದ ಮ್ಯಾನೇಜ್ ಎಕ್ಸ್‌ಟೆನ್ಷನ್ಸ್‌ಗೆ ಹೋಗಿ. ಫೈರ್‌ಫಾಕ್ಸ್‌ನಲ್ಲಿ ಮೂರು ಗೆರೆಯ ಮೆನುವಿನಲ್ಲಿ ಆಡ್-ಆನ್ಸ್. ಕಳೆದ ಒಂದು ತಿಂಗಳಲ್ಲಿ ಬಳಸದ್ದನ್ನು ತೆಗೆದುಹಾಕಿ. ಆಫ್ ಮಾಡಿ ಇಟ್ಟುಕೊಳ್ಳುವುದು ಬೇಡ, ರಿಮೂವ್ ಮಾಡಿ. ವಾಲೆಟ್ ಎಕ್ಸ್‌ಟೆನ್ಷನ್ ಮಾತ್ರ ಅವಸರದಲ್ಲಿ ತೆಗೆಯಬೇಡಿ. ಅದನ್ನು ತೆಗೆದರೆ ಆ ಯಂತ್ರದಲ್ಲಿರುವ ಕೀಲಿಯೂ ಹೋಗುತ್ತದೆ. ಸೀಡ್ ಕಾಗದದ ಮೇಲೆ ಇದೆ ಎಂದು ಖಾತ್ರಿಯಾದ ಮೇಲೆ ಆ ಕೆಲಸ.

ಉಳಿದ ಒಂದೊಂದರ ಡೀಟೇಲ್ಸ್ ತೆರೆದು ಸೈಟ್ ಆ್ಯಕ್ಸೆಸ್ ಎಂಬ ಕಡೆ ನೋಡಿ. ಮೂರು ಆಯ್ಕೆ ಇರುತ್ತವೆ: ಒತ್ತಿದಾಗ ಮಾತ್ರ, ಹೇಳಿದ ತಾಣಗಳಲ್ಲಿ ಮಾತ್ರ, ಎಲ್ಲ ತಾಣಗಳಲ್ಲಿ. ಹೆಚ್ಚಿನವುಗಳಿಗೆ ಮೊದಲನೆಯದೇ ಸಾಕು. ಇದು ಯಾಕೆ ಮುಖ್ಯ ಎಂದರೆ, ಎಕ್ಸ್‌ಟೆನ್ಷನ್ ಹೊಸ ಆವೃತ್ತಿಯಲ್ಲಿ ಹೆಚ್ಚಿನ ಅನುಮತಿ ಕೇಳಿದರೆ ಕ್ರೋಮ್ ಅದನ್ನು ನಿಲ್ಲಿಸಿ ನಿಮ್ಮನ್ನು ಕೇಳುತ್ತದೆ. ಆದರೆ ಮೊದಲೇ ಎಲ್ಲ ತಾಣಗಳ ಅನುಮತಿ ಕೊಟ್ಟಿದ್ದರೆ ಕೇಳಲು ಉಳಿದಿರುವುದೇನು? ಒಳ್ಳೆಯ ಎಕ್ಸ್‌ಟೆನ್ಷನ್ ಒಂದು ರಾತ್ರಿಯಲ್ಲಿ ಕೆಟ್ಟದ್ದಾದರೂ ಯಾವ ಗಂಟೆಯೂ ಬಾರಿಸುವುದಿಲ್ಲ. 2024ರ ಕ್ರಿಸ್‌ಮಸ್ ಹೊತ್ತಿಗೆ ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯ ಎಕ್ಸ್‌ಟೆನ್ಷನ್ನೇ ಹೀಗೆ ಕೈ ಬದಲಾಯಿತು. ಗೂಗಲ್ ಹೆಸರಿನ ಸುಳ್ಳು ಇಮೇಲ್ ನಂಬಿ ಅಲ್ಲಿನ ಉದ್ಯೋಗಿಯೊಬ್ಬರು ಒಂದು 'ಅನುಮತಿಸಿ' ಒತ್ತಿದ್ದರು, ಅಷ್ಟೇ. ಗಮನಿಸಿ, ಇದಕ್ಕೂ ಟ್ರಸ್ಟ್ ವಾಲೆಟ್ ಕಳ್ಳತನಕ್ಕೂ ಹಬ್ಬದ ರಜೆಯೇ ಮುಹೂರ್ತ. ರಜೆಯಲ್ಲಿ ಕಾವಲುಗಾರರು ಕಡಿಮೆ ಎಂದು ಕಳ್ಳರಿಗೂ ಗೊತ್ತು.

ಇನ್ನೊಂದು ಮಾತು. ಗೂಗಲ್ ಖಾತೆಯ ಸಿಂಕ್ ಆನ್ ಇದ್ದರೆ ಮನೆಯ ಯಂತ್ರದಲ್ಲಿ ಹಾಕಿದ ಎಕ್ಸ್‌ಟೆನ್ಷನ್ ಆಫೀಸಿನ ಯಂತ್ರದಲ್ಲೂ ತಾನಾಗಿ ಬಂದು ಕೂರುತ್ತದೆ. ಮಕ್ಕಳು ನಿಮ್ಮ ಖಾತೆಯಲ್ಲಿ ಆಟದ ಎಕ್ಸ್‌ಟೆನ್ಷನ್ ಹಾಕಿಕೊಂಡಿದ್ದರೆ ಅದೂ ಬರುತ್ತದೆ.

ಕ್ರಿಪ್ಟೊಗೇ ಒಂದು ಬೇರೆ ಪ್ರೊಫೈಲ್

ಐದು ನಿಮಿಷದ ಕೆಲಸ, ಖರ್ಚಿಲ್ಲ, ಮೊದಲ ದಾರಿಯ ಕಳ್ಳನನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿಡುತ್ತದೆ. ಕ್ರೋಮ್ ಅಥವಾ ಬ್ರೇವ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ ಹೊಸ ಪ್ರೊಫೈಲ್ ಮಾಡಿ. ಗೂಗಲ್ ಖಾತೆಗೆ ಸೈನ್ ಇನ್ ಆಗಬೇಡಿ. ಕಣ್ಣಿಗೆ ರಾಚುವ ಬಣ್ಣ ಕೊಡಿ, ಅವಸರದಲ್ಲಿ ತಪ್ಪು ಕಿಟಕಿ ತೆರೆಯಬಾರದಲ್ಲ. ಈ ಪ್ರೊಫೈಲ್‌ನಲ್ಲಿ ಇರುವುದು ಒಂದು ವಾಲೆಟ್ ಎಕ್ಸ್‌ಟೆನ್ಷನ್ ಮಾತ್ರ. ಇಮೇಲ್ ಇಲ್ಲ, ಯೂಟ್ಯೂಬ್ ಇಲ್ಲ, ಹುಡುಕಾಟವೂ ಇಲ್ಲ. ಬಳಸುವ ನಾಲ್ಕೈದು ತಾಣಗಳನ್ನು ಒಮ್ಮೆ ಸರಿಯಾಗಿ ಟೈಪ್ ಮಾಡಿ ಬುಕ್‌ಮಾರ್ಕ್ ಇಟ್ಟುಕೊಳ್ಳಿ. ಮುಂದೆ ಹೋಗುವುದೆಲ್ಲ ಆ ಬುಕ್‌ಮಾರ್ಕ್‌ನಿಂದಲೇ. ಗೂಗಲ್‌ನಲ್ಲಿ ವಾಲೆಟ್ ಹೆಸರು ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಜಾಹೀರಾತು, ಆ ಜಾಗವನ್ನು ಕಳ್ಳರು ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಪ್ರೊಫೈಲ್ ಏನು ಮಾಡುವುದಿಲ್ಲ ಎಂಬುದೂ ತಿಳಿದಿರಲಿ. ಕುಕಿ ಮತ್ತು ಎಕ್ಸ್‌ಟೆನ್ಷನ್‌ಗಳನ್ನು ಅದು ಬೇರೆ ಇಡುತ್ತದೆ, ಆದರೆ ಮಾಲ್‌ವೇರ್‌ಗೆ ಎಲ್ಲ ಪ್ರೊಫೈಲ್‌ಗಳೂ ಪಕ್ಕಪಕ್ಕದ ಫೋಲ್ಡರುಗಳಷ್ಟೇ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದು ಮೂಲೆಯಲ್ಲಿ ಬಿದ್ದಿದ್ದರೆ ಪೂರ್ತಿ ಅಳಿಸಿ, ಹೊಸದಾಗಿ ಆಪರೇಟಿಂಗ್ ಸಿಸ್ಟಂ ಹಾಕಿ, ಅದನ್ನೇ ಈ ಕೆಲಸಕ್ಕೆ ಮೀಸಲಿಡುವುದು ಉತ್ತಮ.

ವಾಲೆಟ್ ಎಕ್ಸ್‌ಟೆನ್ಷನ್ ಹಾಕುವಾಗ ಸ್ಟೋರ್‌ನಲ್ಲಿ ಹುಡುಕಬೇಡಿ. ತಯಾರಕರ ತಾಣಕ್ಕೆ ಹೋಗಿ, ಅಲ್ಲಿರುವ ಕೊಂಡಿಯಿಂದ ಸ್ಟೋರ್ ತಲುಪಿ. ಪ್ರತಿ ಕ್ರೋಮ್ ಎಕ್ಸ್‌ಟೆನ್ಷನ್‌ಗೂ 32 ಅಕ್ಷರದ ಒಂದು ಐಡಿ ಇರುತ್ತದೆ, ಇಂಗ್ಲಿಷಿನ ಎ ಇಂದ ಪಿ ವರೆಗಿನ ಸಣ್ಣಕ್ಷರಗಳು ಮಾತ್ರ. ಹೆಸರು, ಲೋಗೊ, ಐದು ನಕ್ಷತ್ರ ಎಲ್ಲವನ್ನೂ ನಕಲು ಮಾಡಬಹುದು, ಸ್ಟೋರ್‌ನೊಳಗೆ ಒಂದೇ ಐಡಿ ಇಬ್ಬರಿಗೆ ಸಿಗುವುದಿಲ್ಲ. ಆ ಐಡಿಯನ್ನು ತಯಾರಕರ ತಾಣದಲ್ಲಿರುವುದರೊಡನೆ ಹೋಲಿಸಿ. 2025ರಲ್ಲಿ ಫೈರ್‌ಫಾಕ್ಸ್‌ನ ಸ್ಟೋರ್‌ನಲ್ಲಿ ಸಿಕ್ಕಿಬಿದ್ದ ನಲವತ್ತಕ್ಕೂ ಹೆಚ್ಚು ನಕಲಿ ವಾಲೆಟ್‌ಗಳಲ್ಲಿ ಹಲವಕ್ಕೆ ನೂರಾರು ಐದು ನಕ್ಷತ್ರದ ವಿಮರ್ಶೆಗಳಿದ್ದವು. ನಕ್ಷತ್ರ ಎಣಿಸುವುದು ಜ್ಯೋತಿಷಿಗಳಿಗೆ ಬಿಡಿ.

ಪಾಸ್‌ವರ್ಡ್ 16 ಅಕ್ಷರಕ್ಕೆ ಕಡಿಮೆ ಬೇಡ, ಬೇರೆಲ್ಲೂ ಬಳಸಿದ್ದು ಬೇಡ, ಬ್ರೌಸರ್‌ನಲ್ಲಿ ಉಳಿಸುವುದು ಬೇಡ. ಆಟೊ ಲಾಕ್ ಐದು ನಿಮಿಷಕ್ಕೆ ಇಡಿ.

ಇಷ್ಟೆಲ್ಲ ಆದ ಮೇಲೂ ಈ ವಾಲೆಟ್‌ನಲ್ಲಿ ಇರಬೇಕಾದದ್ದು ಕೈಖರ್ಚಿನ ದುಡ್ಡು ಮಾತ್ರ. ಎಷ್ಟು ಎಂದರೆ, ಹೋದರೆ ಒಂದು ವಾರ ಊಟ ಸೇರದಷ್ಟು, ಸಂಸಾರ ಅಲ್ಲಾಡದಷ್ಟು.

ಹಾರ್ಡ್‌ವೇರ್ ವಾಲೆಟ್: ತಪ್ಪು ಮಾಡುವ ಜಾಗಗಳು

ಹಾರ್ಡ್‌ವೇರ್ ವಾಲೆಟ್ ಎಂದರೆ ಕೀಲಿ ಇಡಲೆಂದೇ ಮಾಡಿದ ಪುಟ್ಟ ಸಾಧನ. ಲೆಡ್ಜರ್, ಟ್ರೆಝರ್ ಮುಂತಾದ ಸಾಧನಗಳ ಬೆಲೆ ಕೆಲವು ಸಾವಿರ ರೂಪಾಯಿ. ಕೀಲಿ ಅದರೊಳಗೇ ಹುಟ್ಟಿ ಅದರೊಳಗೇ ಇರುತ್ತದೆ, ಸಹಿ ಮಾತ್ರ ಹೊರಗೆ ಬರುತ್ತದೆ. ಎರಡನೆಯ ಮತ್ತು ಮೂರನೆಯ ದಾರಿಯ ಕಳ್ಳರಿಗೆ ಕಂಪ್ಯೂಟರ್ ಪೂರ್ತಿ ಸಿಕ್ಕಿದರೂ ಕೀಲಿ ಸಿಗುವುದಿಲ್ಲ. ಆದರೆ ಸಾಧನ ಕೊಂಡವರೂ ಕಳೆದುಕೊಂಡಿದ್ದಾರೆ, ಕಾರಣಗಳು ಹೆಚ್ಚಾಗಿ ಇವೇ.

ಕೊಳ್ಳುವುದು ತಯಾರಕರ ತಾಣದಿಂದ ಅಥವಾ ಅವರೇ ಹೆಸರಿಸಿದ ಮಾರಾಟಗಾರರಿಂದ. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಪೆಟ್ಟಿಗೆಯೊಳಗೆ ಮೊದಲೇ ಪದಗಳನ್ನು ಅಚ್ಚು ಹಾಕಿದ ಚೀಟಿ ಇದ್ದರೆ ಅದು ಕಳ್ಳನ ವಾಲೆಟ್, ನೀವು ಹಾಕುವ ದುಡ್ಡು ಅವನ ಖಾತೆಗೆ. ಪದಗಳು ನಿಮ್ಮ ಕಣ್ಣೆದುರು ಸಾಧನದ ಪರದೆಯ ಮೇಲೇ ಮೂಡಬೇಕು.

ಜೊತೆಗೆ ಬೇಕಾಗುವ ಆ್ಯಪನ್ನೂ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. 2023ರ ನವೆಂಬರ್‌ನಲ್ಲಿ ಮೈಕ್ರೊಸಾಫ್ಟ್ ಸ್ಟೋರ್‌ನಲ್ಲೇ ಲೆಡ್ಜರ್ ಲೈವ್ ಹೆಸರಿನ ನಕಲಿ ಆ್ಯಪ್ ಇತ್ತು, 24 ಪದ ಟೈಪ್ ಮಾಡಿ ಎಂದು ಕೇಳುತ್ತಿತ್ತು. ಟೈಪ್ ಮಾಡಿದವರು 5 ಲಕ್ಷ ಡಾಲರ್‌ಗೂ ಮೀರಿ ಕಳೆದುಕೊಂಡರು. ಸೀಡ್ ಪದಗಳನ್ನು ಸಾಧನದ ಗುಂಡಿ ಅಥವಾ ಪರದೆಯಿಂದ ಮಾತ್ರ ಹಾಕಬೇಕು, ಕಂಪ್ಯೂಟರ್ ಕೀಬೋರ್ಡ್‌ನಿಂದ ಅಲ್ಲ.

ಹೊಸಬರು ಮಾಡುವ ದೊಡ್ಡ ತಪ್ಪು ಇನ್ನೊಂದು: ಸಾಧನದ ಸೀಡನ್ನೇ ಮೆಟಾಮಾಸ್ಕ್‌ನಲ್ಲಿ 'ಇಂಪೋರ್ಟ್' ಮಾಡುವುದು. ಹಾಗೆ ಮಾಡಿದ ಕ್ಷಣ ಸಾಧನಕ್ಕೆ ಕೊಟ್ಟ ದುಡ್ಡು ದಂಡ, ಕೀಲಿ ಬ್ರೌಸರ್‌ಗೆ ಬಂತು. ಮೆಟಾಮಾಸ್ಕ್‌ನ ಖಾತೆ ಸೇರಿಸುವ ಕಡೆ ಹಾರ್ಡ್‌ವೇರ್ ವಾಲೆಟ್ ಸೇರಿಸುವ ಆಯ್ಕೆ ಬೇರೆಯೇ ಇದೆ, ಅದನ್ನೇ ಆರಿಸಿ. ಅಲ್ಲಿ ಪದ ಕೇಳುವುದಿಲ್ಲ. ಯುಎಸ್‌ಬಿ ತಂತಿ ಹಾಕಿ, ಪಿನ್ ಕೊಟ್ಟು, ವಿಳಾಸ ಆರಿಸಿದರೆ ಆಯಿತು. ಪಿನ್ ವಿಷಯಕ್ಕೆ ಬಂದರೆ ಲೆಡ್ಜರ್ ಮೂರು ಸಲ ತಪ್ಪಾದರೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ಟ್ರೆಝರ್ ಇನ್ನೂ ಹೆಚ್ಚು ಸಲಕ್ಕೆ. ಸೀಡ್ ಕಾಗದ ಇದ್ದರೆ ಇದರಿಂದ ತೊಂದರೆಯಿಲ್ಲ.

ದುಡ್ಡು ಹಾಕುವ ಮೊದಲು ಈ ಪರೀಕ್ಷೆ ಮಾಡಿ: ಇನ್ನೂರು ಮುನ್ನೂರು ರೂಪಾಯಿಯ ಕಾಯಿನ್ ಕಳಿಸಿ, ವಿಳಾಸ ಬರೆದಿಟ್ಟುಕೊಳ್ಳಿ, ಸಾಧನವನ್ನು ಬೇಕೆಂದೇ ಅಳಿಸಿ, ಕಾಗದ ನೋಡಿಕೊಂಡು ಮತ್ತೆ ಸೀಡ್ ಹಾಕಿ. ಅದೇ ವಿಳಾಸ ಬಂದರೆ ನಿಮ್ಮ ಕಾಗದ ಸರಿಯಿದೆ. ಅರ್ಧ ಗಂಟೆ ಹಿಡಿಯುತ್ತದೆ. ಮೂರು ವರ್ಷದ ನಂತರ ಹನ್ನೊಂದನೆಯ ಪದ ಓದಲಾಗದೆ ತಲೆ ಮೇಲೆ ಕೈ ಹೊತ್ತು ಕೂರುವುದಕ್ಕಿಂತ ವಾಸಿ.

ಆ 12 ಅಥವಾ 24 ಪದಗಳು

ಸೀಡ್ ಪದಗಳು ಬರುವುದು 2048 ಪದಗಳ ಒಂದು ನಿಗದಿತ ಪಟ್ಟಿಯಿಂದ. ಜಪಾನಿ, ಕೊರಿಯನ್, ಚೆಕ್ ಪಟ್ಟಿಗಳೂ ಇವೆ, ಕನ್ನಡದ್ದು ಇಲ್ಲ. ಬಹುತೇಕ ಎಲ್ಲ ವಾಲೆಟ್‌ಗಳು ಇಂಗ್ಲಿಷ್ ಪಟ್ಟಿಯನ್ನೇ ಬಳಸುತ್ತವೆ. ಗುಟ್ಟಾಗಿರಲಿ ಎಂದು ಕೆಲವರು ಆ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಡುತ್ತಾರೆ. ಹಾಗೆ ಮಾಡಬೇಡಿ. ಬರೆಯುವುದು ಎಂಬರ್ಥದ 'ರೈಟ್' ಮತ್ತು ಬಲಗಡೆ ಎಂಬರ್ಥದ 'ರೈಟ್' ಎರಡೂ ಆ ಪಟ್ಟಿಯಲ್ಲಿವೆ, ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಕ್ರಮಸಂಖ್ಯೆ ಹಾಕಿ ಬರೆಯಿರಿ. ಪಟ್ಟಿಯಲ್ಲಿ ಯಾವ ಎರಡು ಪದಕ್ಕೂ ಮೊದಲ ನಾಲ್ಕು ಅಕ್ಷರ ಒಂದೇ ಆಗಿಲ್ಲ, ಆದ್ದರಿಂದ ಸ್ಟೀಲ್ ತಟ್ಟೆಯ ಮೇಲೆ ಕೆತ್ತುವವರು ನಾಲ್ಕೇ ಅಕ್ಷರ ಕೆತ್ತಿದರೂ ಸಾಕು.

ಫೋನಿನಲ್ಲಿ ಫೋಟೊ ತೆಗೆಯಬೇಡಿ. 2025ರ ಫೆಬ್ರವರಿಯಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ಭದ್ರತಾ ಕಂಪನಿ ಪತ್ತೆ ಮಾಡಿದ 'ಸ್ಪಾರ್ಕ್‌ಕ್ಯಾಟ್' ಮಾಲ್‌ವೇರ್ ಗೂಗಲ್ ಪ್ಲೇ ಮತ್ತು ಆ್ಯಪಲ್ ಸ್ಟೋರ್ ಎರಡರಲ್ಲೂ ಇದ್ದ ಆ್ಯಪ್‌ಗಳೊಳಗೆ ಅಡಗಿ, ಗ್ಯಾಲರಿಯ ಚಿತ್ರಗಳಲ್ಲಿನ ಅಕ್ಷರ ಓದಿ ಸೀಡ್ ಪದ ಹುಡುಕುತ್ತಿತ್ತು. ವಾಟ್ಸ್ಆ್ಯಪ್‌ನಲ್ಲಿ ತಮಗೆ ತಾವೇ ಕಳಿಸಿಕೊಳ್ಳುವುದು, ಗೂಗಲ್ ಡ್ರೈವ್, ಇಮೇಲ್ ಡ್ರಾಫ್ಟ್, ಪಾಸ್‌ವರ್ಡ್ ಮ್ಯಾನೇಜರ್‌ನ ಟಿಪ್ಪಣಿ, ಯಾವುದೂ ಬೇಡ. ಕಾಗದದ ಎರಡು ಪ್ರತಿ, ಎರಡು ಬೇರೆ ಮನೆಗಳಲ್ಲಿ. ಮಳೆಗಾಲದ ತೇವಕ್ಕೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ಕಾಗದ ಬೂಷ್ಟು ಹಿಡಿಯುತ್ತದೆ, ಅಲ್ಲಿರುವವರು ಸ್ಟೀಲ್ ತಟ್ಟೆಯನ್ನೇ ನೆಚ್ಚಿಕೊಳ್ಳಲಿ.

ಸಹಿ ಹಾಕುವ ಮುನ್ನ

ಹಾರ್ಡ್‌ವೇರ್ ವಾಲೆಟ್ ಕೀಲಿ ಕಾಯುತ್ತದೆ, ನಿಮ್ಮ ಬೆರಳನ್ನು ಕಾಯುವುದಿಲ್ಲ. 2025ರ ಫೆಬ್ರವರಿ 21ರಂದು ಬೈಬಿಟ್ ಎಕ್ಸ್‌ಚೇಂಜ್ ಸುಮಾರು 150 ಕೋಟಿ ಡಾಲರ್ ಮೌಲ್ಯದ ಇಥೀರಿಯಂ ಕಳೆದುಕೊಂಡದ್ದು ಹೀಗೆ. ಹಲವರು ಸಹಿ ಹಾಕಬೇಕಾದ ವಾಲೆಟ್ ಅದು. ಅವರು ಬಳಸುತ್ತಿದ್ದ ವೆಬ್ ಪುಟದ ಕೋಡನ್ನೇ ಕಳ್ಳರು ಬದಲಿಸಿದ್ದರು. ಪುಟದಲ್ಲಿ ಕಂಡದ್ದು ಎಂದಿನ ವರ್ಗಾವಣೆ, ಸಾಧನಕ್ಕೆ ಹೋದದ್ದು ಬೇರೆಯೇ. ಅಮೆರಿಕದ ಎಫ್‌ಬಿಐ ಇದನ್ನು ಉತ್ತರ ಕೊರಿಯಾದ ಕೆಲಸವೆಂದಿತು. ಸಾಧನದ ಪರದೆಯಲ್ಲಿ ಅರ್ಥವಾಗದ ಅಂಕಿ ಅಕ್ಷರದ ಸಾಲಷ್ಟೇ ಬಂದು 'ಒಪ್ಪಿಗೆಯೇ?' ಎಂದು ಕೇಳುತ್ತಿದ್ದರೆ ಅದಕ್ಕೆ ಬ್ಲೈಂಡ್ ಸೈನಿಂಗ್ ಎನ್ನುತ್ತಾರೆ. ಖಾಲಿ ಚೆಕ್‌ಗೆ ಸಹಿ ಹಾಕಿದ ಹಾಗೆ. ಸಾಧನದ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಇಡಿ, ಬೇಕೇಬೇಕಾದಾಗ ಕೈಖರ್ಚಿನ ವಾಲೆಟ್‌ನಿಂದ ಮಾಡಿ.

ಟೋಕನ್‌ಗಳ ವಿಷಯದಲ್ಲಿ ಇನ್ನೊಂದು ಬಲೆ ಇದೆ, ಅಪ್ರೂವಲ್. ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಟೋಕನ್) ವಿನಿಮಯ ಮಾಡಬೇಕಾದರೆ 'ನನ್ನ ಖಾತೆಯಿಂದ ಇಷ್ಟು ತೆಗೆದುಕೊಳ್ಳಬಹುದು' ಎಂದು ಒಂದು ಕಾಂಟ್ರ್ಯಾಕ್ಟ್‌ಗೆ (ಬ್ಲಾಕ್‌ಚೈನ್ ಮೇಲೆ ತಾನಾಗಿ ಓಡುವ ಕೋಡ್‌ಗೆ) ಮೊದಲು ಅನುಮತಿ ಕೊಡಬೇಕಾಗುತ್ತದೆ. ಹಲವು ತಾಣಗಳು ಕೇಳುವುದು ಮಿತಿಯಿಲ್ಲದ ಅನುಮತಿ. ಮೆಟಾಮಾಸ್ಕ್ ಕಿಟಕಿಯಲ್ಲಿ ಖರ್ಚಿನ ಮಿತಿಯನ್ನು ತಿದ್ದುವ ಅವಕಾಶವಿದೆ. 100 ಬೇಕಿದ್ದರೆ 100 ಎಂದೇ ಬರೆಯಿರಿ. 'ಪರ್ಮಿಟ್' ಎಂಬ ಇನ್ನೊಂದು ಬಗೆ ಇದಕ್ಕಿಂತ ಕಪಟಿ. ಅದಕ್ಕೆ ಗ್ಯಾಸ್, ಅಂದರೆ ಪ್ರತಿ ವ್ಯವಹಾರಕ್ಕೂ ಬ್ಲಾಕ್‌ಚೈನ್‌ಗೆ ಕೊಡಬೇಕಾದ ಶುಲ್ಕ, ಇಲ್ಲ, ಬರೀ ಸಹಿ. ಶುಲ್ಕ ಇಲ್ಲವಾದ್ದರಿಂದ ಏನೂ ಆಗುವುದಿಲ್ಲ ಎಂದು ಜನ ಒತ್ತಿಬಿಡುತ್ತಾರೆ. ಸಹಿ ಕೇಳುವ ಕಿಟಕಿಯಲ್ಲಿ ಸ್ಪೆಂಡರ್, ವ್ಯಾಲ್ಯೂ, ಡೆಡ್‌ಲೈನ್ ಎಂಬ ಪದಗಳು ಕಂಡರೆ ಅದು ಲಾಗಿನ್ ಅಲ್ಲ, ದುಡ್ಡು ತೆಗೆಯುವ ಅನುಮತಿ. ಸ್ಪೆಂಡರ್ ಯಾರೆಂದು ಗೊತ್ತಿಲ್ಲದಿದ್ದರೆ ರಿಜೆಕ್ಟ್. ಎನ್‌ಎಫ್‌ಟಿ (ಡಿಜಿಟಲ್ ಚಿತ್ರ ಮುಂತಾದವುಗಳ ಒಡೆತನದ ಟೋಕನ್) ಇರುವವರಿಗೆ 'ಸೆಟ್ ಅಪ್ರೂವಲ್ ಫಾರ್ ಆಲ್' ಅದೇ ಜಾತಿಯದು.

ಕೊಟ್ಟ ಹಳೆಯ ಅನುಮತಿಗಳು ತಾವಾಗಿ ಸಾಯುವುದಿಲ್ಲ. ವಾಲೆಟ್‌ನಲ್ಲಿ ತಾಣವನ್ನು 'ಡಿಸ್‌ಕನೆಕ್ಟ್' ಮಾಡಿದರೂ ಅನುಮತಿ ಬ್ಲಾಕ್‌ಚೈನ್‌ನಲ್ಲಿ ಹಾಗೇ ಇರುತ್ತದೆ. ರಿವೋಕ್ ಡಾಟ್ ಕ್ಯಾಶ್ ಅಥವಾ ಈಥರ್‌ಸ್ಕ್ಯಾನ್‌ನ ಟೋಕನ್ ಅಪ್ರೂವಲ್ ಪುಟದಲ್ಲಿ ನಿಮ್ಮ ವಿಳಾಸ ಹಾಕಿದರೆ ಪಟ್ಟಿ ಬರುತ್ತದೆ, ಒಂದೊಂದನ್ನೂ ಸ್ವಲ್ಪ ಗ್ಯಾಸ್ ಕೊಟ್ಟು ರದ್ದು ಮಾಡಬಹುದು. ಈ ತಾಣಗಳ ನಕಲಿಗಳೂ ಇವೆ, ಆದ್ದರಿಂದ ಇವೂ ಬುಕ್‌ಮಾರ್ಕ್‌ನಲ್ಲಿರಲಿ.

ವಿಳಾಸ ಹೋಲಿಸುವ ಬಗೆ ಬದಲಾಗಬೇಕು. ಇಥೀರಿಯಂ ವಿಳಾಸದಲ್ಲಿ ಮೊದಲ ಎರಡು ಗುರುತು ಬಿಟ್ಟರೆ 40 ಅಕ್ಷರ. ಜನ ನೋಡುವುದು ಮೊದಲ ನಾಲ್ಕು, ಕೊನೆಯ ನಾಲ್ಕು. ಆ ಎಂಟು ಹೊಂದುವ ಇನ್ನೊಂದು ವಿಳಾಸ ಹುಟ್ಟಿಸಲು ಸುಮಾರು 430 ಕೋಟಿ ಪ್ರಯತ್ನ ಬೇಕು, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಅದು ನಿಮಿಷಗಳ ಕೆಲಸ. ಹಾಗೆ ಹುಟ್ಟಿಸಿದ ವಿಳಾಸದಿಂದ ನಿಮಗೆ ಚಿಲ್ಲರೆ ಕಳಿಸಿ, ನಿಮ್ಮ ವ್ಯವಹಾರದ ಪಟ್ಟಿಯಲ್ಲಿ ಕೂರುತ್ತಾರೆ. ಮುಂದಿನ ಸಲ ನೀವು ಪಟ್ಟಿಯಿಂದ ಕಾಪಿ ಮಾಡುತ್ತೀರಿ. 2024ರ ಮೇ 3ರಂದು ಒಬ್ಬರು ಹೀಗೆ 1,155 ವ್ರ್ಯಾಪ್ಡ್ ಬಿಟ್‌ಕಾಯಿನ್ (ಇಥೀರಿಯಂ ಮೇಲೆ ಓಡಾಡುವ, ಬಿಟ್‌ಕಾಯಿನ್ ಬೆಲೆಯ ಟೋಕನ್) ತಪ್ಪು ವಿಳಾಸಕ್ಕೆ ಕಳಿಸಿದರು. ಆಗ ಅದರ ಬೆಲೆ ಸುಮಾರು 6.8 ಕೋಟಿ ಡಾಲರ್. ಕಳ್ಳ ಹೆಚ್ಚಿನದನ್ನು ಹಿಂತಿರುಗಿಸಿದ, ಅದು ಅದೃಷ್ಟ. 2025ರ ಸೆಪ್ಟೆಂಬರ್ 8ರಂದು ಎನ್‌ಪಿಎಂ ಎಂಬ ಕೋಡ್ ಭಂಡಾರದ ಜನಪ್ರಿಯ ಪ್ಯಾಕೇಜುಗಳಿಗೆ (ವೆಬ್ ತಾಣ ಕಟ್ಟುವವರು ಬಳಸುವ ಸಿದ್ಧ ಕೋಡ್) ಸೇರಿಸಿದ ಕಳ್ಳ ಕೋಡ್ ಕೂಡ, ತನ್ನ ಬಳಿಯ ವಿಳಾಸಗಳಲ್ಲಿ ನಿಮ್ಮದಕ್ಕೆ ಕಣ್ಣಿಗೆ ಅತಿ ಹತ್ತಿರವಾದದ್ದನ್ನೇ ಆರಿಸಿ ಪುಟದಲ್ಲಿ ಅಂಟಿಸುತ್ತಿತ್ತು. ಆದ್ದರಿಂದ ನಡುವಿನ ಎಂಟು ಅಕ್ಷರವನ್ನೂ ಓದಿ, ಓದುವುದು ಹಾರ್ಡ್‌ವೇರ್ ಪರದೆಯಲ್ಲಿ. ದೊಡ್ಡ ಮೊತ್ತವಾದರೆ ಮೊದಲು ಸಣ್ಣದು ಕಳಿಸಿ, ಪಡೆದವರಿಂದ ಫೋನಿನಲ್ಲಿ ಕೇಳಿಕೊಂಡು, ಉಳಿದದ್ದು ಆಮೇಲೆ.

ಎಕ್ಸ್‌ಚೇಂಜ್ ಖಾತೆ

ಒಟಿಪಿ, ಅಥೆಂಟಿಕೇಟರ್ ಎಲ್ಲ ಇದ್ದರೂ ಕುಕಿ ಕಳ್ಳನಿಗೆ ಅವು ಅಡ್ಡ ಬರುವುದಿಲ್ಲ, ನೀವು ಲಾಗಿನ್ ಆದ ಮೇಲಿನ ಬಾಗಿಲಿಂದ ಅವನು ಬರುತ್ತಾನೆ. 2024ರಲ್ಲಿ 'ಆಗರ್' ಹೆಸರಿನ ಕ್ರೋಮ್ ಎಕ್ಸ್‌ಟೆನ್ಷನ್ ಹಾಕಿದ್ದ ಬೈನಾನ್ಸ್ ಬಳಕೆದಾರರೊಬ್ಬರು ಸುಮಾರು 10 ಲಕ್ಷ ಡಾಲರ್ ಕಳೆದುಕೊಂಡರು. ಹಣ ಹೊರತೆಗೆಯಲು ಎರಡನೆಯ ದೃಢೀಕರಣ ಬೇಕಿತ್ತು, ಕಳ್ಳ ಹೊರತೆಗೆಯಲೇ ಇಲ್ಲ. ಬಲಿಪಶುವಿನ ಖಾತೆಯಿಂದ ವಹಿವಾಟು ಕಡಿಮೆ ಇರುವ ಕಾಯಿನ್‌ಗಳನ್ನು ದುಬಾರಿ ಬೆಲೆಗೆ ಕೊಂಡ, ಇನ್ನೊಂದು ತುದಿಯಲ್ಲಿ ಮಾರಿದವನು ಅವನೇ.

ಮಾಡಬೇಕಾದದ್ದು: ಎಕ್ಸ್‌ಚೇಂಜ್ ತೆರೆಯುವುದೂ ಆ ಬೇರೆ ಪ್ರೊಫೈಲ್‌ನಲ್ಲೇ, ಕೆಲಸ ಮುಗಿದ ಮೇಲೆ ಲಾಗ್ ಔಟ್. ಪಾಸ್‌ಕೀ (ಪಾಸ್‌ವರ್ಡ್ ಬದಲು ಸಾಧನದ ಬೆರಳಚ್ಚು ಅಥವಾ ಪಿನ್‌ನಿಂದ ಲಾಗಿನ್) ಸೌಲಭ್ಯವಿದ್ದರೆ ಅದು, ಇಲ್ಲವಾದರೆ ಅಥೆಂಟಿಕೇಟರ್. ಎಸ್‌ಎಂಎಸ್ ಒಟಿಪಿ ಕೊನೆಯ ಆಯ್ಕೆ. ಹಣ ಹೋಗಬಹುದಾದ ವಿಳಾಸಗಳನ್ನು ಮೊದಲೇ ನೋಂದಾಯಿಸುವ ಸೌಲಭ್ಯ ಆನ್ ಮಾಡಿ. ಬಳಸದ ಎಪಿಐ ಕೀ (ಬೇರೆ ತಂತ್ರಾಂಶ ನಿಮ್ಮ ಖಾತೆ ಬಳಸಲು ಕೊಟ್ಟ ಕೀಲಿ) ಅಳಿಸಿ. ಎಕ್ಸ್‌ಚೇಂಜ್‌ಗಳೇ ಲೂಟಿಯಾಗುವುದೂ ಉಂಟು. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಹೋದಾಗ ಗ್ರಾಹಕರ ಖಾತೆಗಳು ತಿಂಗಳುಗಟ್ಟಲೆ ಸ್ಥಗಿತವಾಗಿದ್ದವು.

ಹೋಗಿಯೇಬಿಟ್ಟರೆ

ಮೊದಲು ಕೀಲಿ ಹೋಯಿತೋ ಅನುಮತಿ ಹೋಯಿತೋ ತಿಳಿಯಬೇಕು. ಒಂದೇ ಟೋಕನ್ ಹೋಗಿ ಉಳಿದದ್ದೆಲ್ಲ ಹಾಗೇ ಇದ್ದರೆ ಬಹುಶಃ ಅಪ್ರೂವಲ್ ದುರ್ಬಳಕೆ. ಆ ಅನುಮತಿಯನ್ನು ಕೂಡಲೇ ರದ್ದು ಮಾಡಿ. ಈಥರ್, ಸೋಲ್‌ನಂಥ ಮೂಲ ಕಾಯಿನ್ ನೀವು ಸಹಿ ಹಾಕದೆಯೇ ಹೋಗಿದ್ದರೆ ಸೀಡೇ ಹೋಗಿದೆ. ಆಗ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ. ಪಾಸ್‌ವರ್ಡ್ ನಿಮ್ಮ ಯಂತ್ರದ ಬೀಗ ಮಾತ್ರ, ಕಳ್ಳನ ಬಳಿ ಮನೆಯ ಪತ್ರವೇ ಇದೆ. ಆ ಸೀಡ್‌ನಿಂದ ಹುಟ್ಟಿದ ಎಲ್ಲ ಖಾತೆ, ಎಲ್ಲ ಬ್ಲಾಕ್‌ಚೈನ್ ಹೋದವೆಂದೇ ತಿಳಿಯಿರಿ.

ಆ ಯಂತ್ರದ ಇಂಟರ್ನೆಟ್ ಕಿತ್ತು, ಬೇರೆ ಸಾಧನದಲ್ಲಿ ಹೊಸ ಸೀಡ್ ಮಾಡಿ, ಉಳಿದದ್ದನ್ನು ಬೆಲೆ ಹೆಚ್ಚಿನದರಿಂದ ಶುರುಮಾಡಿ ಸಾಗಿಸಿ. ಇಲ್ಲೊಂದು ಹೊಂಡ ಇದೆ. ಖಾತೆಯಲ್ಲಿ ಟೋಕನ್ ಉಳಿದು ಗ್ಯಾಸ್‌ಗೆ ಈಥರ್ ಇಲ್ಲದಿದ್ದರೆ ಜನ ಅವಸರದಲ್ಲಿ ಈಥರ್ ಕಳಿಸುತ್ತಾರೆ. ಕಳ್ಳನ ಬಾಟ್ (ತಾನಾಗಿ ಓಡುವ ತಂತ್ರಾಂಶ) ಅಲ್ಲೇ ಕಾದು ಕೂತಿರುತ್ತದೆ, ಬಂದ ಕೂಡಲೇ ಅದನ್ನೂ ಎತ್ತುತ್ತದೆ. ಎರಡು ಸಲ ಕಳಿಸಿ ಎರಡೂ ಸಲ ಹೋದರೆ ಮೂರನೆಯದು ಕಳಿಸಬೇಡಿ. ಹಲವು ವ್ಯವಹಾರಗಳನ್ನು ಒಂದೇ ಬ್ಲಾಕ್‌ನಲ್ಲಿ ಒಟ್ಟಿಗೆ ಸೇರಿಸುವ ವಿಧಾನ ಬಲ್ಲವರಿಂದ ಮಾತ್ರ ಉಳಿದ ಟೋಕನ್ ಬಿಡಿಸುವುದು ಸಾಧ್ಯ.

ಎಕ್ಸ್‌ಚೇಂಜ್ ಖಾತೆಯಾದರೆ ಬೇರೆ ಯಂತ್ರದಿಂದ ಒಳಹೋಗಿ ಎಲ್ಲ ಸಾಧನಗಳಿಂದ ಲಾಗ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಖಾತೆ ಸ್ಥಗಿತಕ್ಕೆ ಕೋರಿ.

ಅನುಮಾನದ ಎಕ್ಸ್‌ಟೆನ್ಷನ್ ತೆಗೆಯುವ ಮುನ್ನ ಅದರ ಹೆಸರು, ಆವೃತ್ತಿ, 32 ಅಕ್ಷರದ ಐಡಿ ಕಾಣುವಂತೆ ಪರದೆಯ ಫೋಟೊ ತೆಗೆದಿಡಿ. ವ್ಯವಹಾರದ ಹ್ಯಾಶ್ (ಪ್ರತಿ ವ್ಯವಹಾರಕ್ಕೂ ಇರುವ ಗುರುತು ಸಂಖ್ಯೆ), ಎರಡೂ ಕಡೆಯ ವಿಳಾಸ, ಸಮಯ ಬರೆದಿಟ್ಟುಕೊಂಡು 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಕರ್ನಾಟಕದಲ್ಲಿದ್ದರೆ ನಿಮ್ಮ ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. ಎಫ್‌ಐಆರ್ ಬರೀ ವಿಧಿಗಾಗಿ ಅಲ್ಲ. ಯುಎಸ್‌ಡಿಟಿ, ಯುಎಸ್‌ಡಿಸಿ ಹೊರಡಿಸುವ ಟೆದರ್ ಮತ್ತು ಸರ್ಕಲ್ ಕಂಪನಿಗಳಿಗೆ ಯಾವುದೇ ವಿಳಾಸದಲ್ಲಿರುವ ತಮ್ಮ ಕಾಯಿನ್ ಸ್ತಂಭನಗೊಳಿಸುವ ಅಧಿಕಾರ ಇದೆ, ಅವರು ಕಿವಿಗೊಡುವುದು ಹೆಚ್ಚಾಗಿ ಪೊಲೀಸರ ಕೋರಿಕೆಗೆ. ಹಣ ಯಾವುದಾದರೂ ಎಕ್ಸ್‌ಚೇಂಜ್ ಸೇರಿದ್ದರೆ ಅಲ್ಲೂ ಅಷ್ಟೇ. ಇದೆಲ್ಲ ಗಂಟೆಗಳ ಲೆಕ್ಕದ ಕೆಲಸ.

ದೂರಿನ ವಿಷಯ ಆನ್‌ಲೈನ್‌ನಲ್ಲಿ ಹೇಳಿಕೊಂಡ ದಿನವೇ 'ನಿಮ್ಮ ಕ್ರಿಪ್ಟೊ ವಾಪಸ್ ತರಿಸಿಕೊಡುತ್ತೇವೆ' ಎನ್ನುವವರು ಮೆಸೇಜ್ ಮಾಡುತ್ತಾರೆ. ಮುಂಗಡ ಶುಲ್ಕ ಕೇಳುತ್ತಾರೆ, ಇಲ್ಲವೇ 'ಪರಿಶೀಲನೆಗೆ' ಹೊಸ ವಾಲೆಟ್‌ನ ಪದಗಳನ್ನು ಕೇಳುತ್ತಾರೆ. ಬ್ಲಾಕ್‌ಚೈನ್‌ನಲ್ಲಿ ಖಾಯಂ ಆದ ವ್ಯವಹಾರವನ್ನು ಹಿಂದಕ್ಕೆ ತಿರುಗಿಸುವ ಗುಂಡಿ ಅವರ ಬಳಿ ಇಲ್ಲ. ಅವರ ನಂಬರನ್ನೂ ಚಾಟನ್ನೂ ಅದೇ ದೂರಿಗೆ ಸೇರಿಸಿ, ಆಮೇಲೆ ಬ್ಲಾಕ್ ಮಾಡಿ.